ಹಳೇ ಪೆಟ್ಟಿಗೆಯ ಹೊಸ ಓಟ

ದೊಡ್ಡತ್ತೆಗೆ ಎಪ್ಪತ್ತು ದಾಟಿತ್ತು. ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುವುದೇ ಕಷ್ಟವಾಗಿತ್ತು. ಆದರೆ ಕಂಪ್ಯೂಟರಿನ ಮುಂದೆ ಕೂತು ಆಟದ ಕಾರು ಓಡಿಸಲು ಶುರುಮಾಡಿದರೆಂದರೆ, ಬ್ರೇಕು ಎಂಬ ವಸ್ತುವೊಂದು ಇದೆ ಅನ್ನುವುದೇ ಅವರಿಗೆ ಮರೆತುಹೋಗುತ್ತಿತ್ತು. ಪ್ರತಿ ಭಾನುವಾರ ಮಧ್ಯಾಹ್ನ ಬೇರೆ ಊರಿನಲ್ಲಿದ್ದ ತಮ್ಮನನ್ನು ಇಂಟರ್‌ನೆಟ್ಟಿನಲ್ಲಿ ರೇಸಿಗೆ ಕರೆದು, ಸೋಲಿಸಿ, ಆಮೇಲೆ ಫೋನು ಮಾಡಿ ಆ ಸೋಲನ್ನು ಒಂದೊಂದೇ ತಿರುವಾಗಿ ಬಿಡಿಸಿ ಹೇಳುವುದು ಅವರ ವಾಡಿಕೆ.

ಆ ತಮ್ಮನೇ ಈ ಮನೆಯ ಮಾವ. ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಅವರು ಮಾತು ಬಿಟ್ಟಿದ್ದರು. ಮುನಿಸಲ್ಲ, ಜಗಳವಲ್ಲ, ಕೇಳಿದ್ದಕ್ಕೆ ‘ಹೂಂ’, ಬಡಿಸಿದ್ದಕ್ಕೆ ‘ಸಾಕು’, ಅಷ್ಟೇ. ಮಗ ವಾಕಿಂಗಿಗೆ ಕರೆದ, ಸೊಸೆ ಲೈಬ್ರರಿಗೆ ಕರೆದಳು. ಯಾವುದೂ ನಾಟಲಿಲ್ಲ. ಕೊನೆಗೆ ದೊಡ್ಡತ್ತೆ ಫೋನು ಮಾಡಿ, “ಚಿಕ್ಕವನಿದ್ದಾಗ ನನ್ನ ಸೈಕಲ್ಲಿನ ಹಿಂದೆ ಓಡಿ ಓಡಿ ಸುಸ್ತಾಗಿ ಅಳ್ತಿದ್ದೆಯಲ್ಲ, ಈಗಲೂ ಹಾಗೇನಾ, ಇಲ್ಲಾ ಏನಾದ್ರೂ ಸುಧಾರಿಸಿದ್ದೀಯಾ?” ಎಂದು ಕೆಣಕಿ ಈ ಆಟಕ್ಕೆ ಎಳೆದರು. ಮೊದಲ ದಿನವೇ ಮಾವ ಹೀನಾಯವಾಗಿ ಸೋತರು. ಆ ಸಿಟ್ಟಿಗೆ, ಊಟಕ್ಕೆ ಕೂತಾಗ, ಅಕ್ಕ ಹೇಗೆ ಅಡ್ಡ ಬಂದಳು, ತನ್ನ ಕಾರು ಹೇಗೆ ಪಲ್ಟಿ ಹೊಡೆಯಿತು ಎಂದು ತಟ್ಟೆ ಆರುವ ತನಕ ಹೇಳಿದರು. ಸೊಸೆ ಬಡಿಸುವುದನ್ನೂ ಮರೆತು ಕೇಳುತ್ತ ಕೂತಳು.

ಆಮೇಲೆ ಮನೆಯಲ್ಲಿ ಭಾನುವಾರ ಎಂದರೆ ಅದೇ ಗದ್ದಲ. ಹಾಲಿನ ಮೂಲೆಯಲ್ಲಿದ್ದ ಕಂಪ್ಯೂಟರು ಸೊಸೆಯ ಗಂಡ ಕಾಲೇಜಿನಲ್ಲಿದ್ದಾಗ ತಂದದ್ದು. ಶುರುವಾಗುವಾಗ ಮುದುಕರು ಎದ್ದಂತೆ ಒಂದಿಷ್ಟು ಗೊರಗೊರ ಅಂದು, ಆಮೇಲೆ ಸುಮ್ಮನೆ ಕೆಲಸ ಮಾಡಿಕೊಂಡು ಹೋಗುತ್ತಿತ್ತು.

ಒಂದು ಭಾನುವಾರ ಅದು ಕೈಕೊಟ್ಟಿತು. ಕಂಪ್ಯೂಟರು ಶುರುವಾಯಿತು, ಆಟ ಮಾತ್ರ ತೆರೆಯಲಿಲ್ಲ. ಇದರೊಳಗಿನ ಸಿಸ್ಟಮ್ ತುಂಬ ಹಳೆಯದು, ಇನ್ನು ಇದರಲ್ಲಿ ಆಟ ನಡೆಯುವುದಿಲ್ಲ ಎಂದು ಪರದೆಯ ಮೇಲೆ ಬಂತು. ಅದೇ ಸಿಸ್ಟಮ್ಮಿನ ಹೊಸದನ್ನು ಹಾಕೋಣವೆಂದರೆ, ಅದನ್ನು ಹೊರುವ ತ್ರಾಣ ಆ ಪೆಟ್ಟಿಗೆಗಿರಲಿಲ್ಲ.

ಗಂಡ ಔಷಧಿ ಸಾಗಿಸುವ ವ್ಯಾನಿನ ಡ್ರೈವರು. ಹಳೆಯದಕ್ಕೆ ತೇಪೆ ಹಾಕುವುದು ಅವನಿಗೆ ಆಗಿಬರದ ಮಾತು. “ಅಪ್ಪ, ಇದನ್ನ ಗುಜರಿಗೆ ಹಾಕೋಣ. ಹೊಸದು ತಂದುಕೊಡ್ತೀನಿ,” ಎಂದ.

“ಮೋಟರ್ ಸರಿಯಿದೆ, ಹಗ್ಗ ಸರಿಯಿದೆ, ಬಟನ್ ಹಳೇದು ಅಂತ ಯಾರಾದ್ರೂ ಲಿಫ್ಟನ್ನೇ ಕಿತ್ತು ಬಿಸಾಕ್ತಾರೇನೋ? ಬೇಡ ಬಿಡು,” ಎಂದು ಮಾವ ಎದ್ದು ರೂಮಿಗೆ ಹೋದರು. ಬಾಗಿಲು ಮುಚ್ಚಿಕೊಂಡಿತು.

ಮುಂದಿನ ಭಾನುವಾರ ದೊಡ್ಡತ್ತೆ ಸೊಸೆಗೇ ಫೋನು ಮಾಡಿದರು. “ಏನಂತೆ ಅವನದು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸೋಲೋಕೆ ಹೆದರಿ ಕಂಪ್ಯೂಟರ್ ಕೆಟ್ಟಿದೆ ಅಂತಾನೆ.”

“ಇಲ್ಲ ದೊಡ್ಡತ್ತೆ, ನಿಜವಾಗ್ಲೂ ಆಟ ಓಪನ್ ಆಗ್ತಿಲ್ಲ.”

ಆ ಕಡೆಯ ದನಿ ತಗ್ಗಿತು. “ಗೊತ್ತು ಕಣಮ್ಮ. ಮತ್ತೆ ಗೋಡೆ ನೋಡ್ಕೊಂಡು ಕೂತಿದ್ದಾನಾ?”

ಸೊಸೆ ರೂಮಿನ ಕಡೆ ನೋಡಿದಳು. “ಹೂಂ,” ಅಂದಳು.

“ಏನಾದ್ರೂ ಮಾಡು. ನನಗೂ ಸೋಲಿಸೋಕೆ ಬೇರೆ ಯಾರಿದ್ದಾರೆ?”

ಸೊಸೆ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದಳು. ಬಂದವರ ಕಣ್ಣಿನ ಮುಂದೆ ಗಾಜು ಬದಲಿಸಿ ಬದಲಿಸಿ ಇಟ್ಟು ಪವರ್ ನೋಡುವುದು, ಆಮೇಲೆ ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು ಅವಳ ಕೆಲಸ. ಕಂಪ್ಯೂಟರಿನ ವಿಷಯದಲ್ಲಿ ಅವಳ ತಿಳಿವಳಿಕೆ ಬಿಲ್ಲು ಪ್ರಿಂಟ್ ಮಾಡುವಷ್ಟಕ್ಕೆ ನಿಂತಿತ್ತು. ಆದರೂ ಮಧ್ಯಾಹ್ನದ ಬಿಡುವಿನಲ್ಲಿ ಫೋನು ಹಿಡಿದು ಹುಡುಕತೊಡಗಿದಳು. ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಬೇರೆ ಸಿಸ್ಟಮ್ ಹಾಕಿ ಎಂದು ಅಲ್ಲಿ ಎಲ್ಲರೂ ಹೇಳಿದ್ದರು. ಬಿಟ್ಟಿ ಸಿಗುತ್ತದೆ, ಹಗುರ, ಆಟವೂ ಆಡಬಹುದು. ಅಬ್ಬಾ, ಬಗೆಹರಿಯಿತು ಎಂದುಕೊಳ್ಳುವಷ್ಟರಲ್ಲಿ, ಲಿನಕ್ಸ್ ಎಂದರೆ ಒಂದಲ್ಲ, ನೂರಾರು ಇವೆ ಎಂದು ತಿಳಿಯಿತು. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತೆಗಳಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ ತಮ್ಮತಮ್ಮದೇ ದೊಡ್ಡದು. ಓದಿ ಓದಿ ತಲೆ ಚಿಟ್ಟು ಹಿಡಿಯಿತು.

ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದಳು. ಕೆಲವು ಆನ್‌ಲೈನ್ ಆಟಗಳು ಲಿನಕ್ಸ್ ಕಂಡರೆ ಬಾಗಿಲನ್ನೇ ತೆಗೆಯುವುದಿಲ್ಲ ಎಂದು ಎಲ್ಲೋ ಓದಿದ್ದಳು. ಆದ್ದರಿಂದ ಆಡಿದವರ ಅನುಭವ ಇರುವ ಪುಟ ಹುಡುಕಿ ಮಾವನ ಕಾರಿನ ಆಟದ ಹೆಸರು ಹಾಕಿ ನೋಡಿದಳು. ನಡೆಯುತ್ತದೆ, ಚೂರು ತಂಟೆ ಮಾಡುತ್ತದೆ ಎಂದಿದ್ದರು. ತಂಟೆ ಮಾಡದವರು ಯಾರಿದ್ದಾರೆ ಎಂದು ಧೈರ್ಯ ತಂದುಕೊಂಡಳು.

ಅದೇ ಸಂಜೆ ಅಂಗಡಿಗೆ ಒಬ್ಬ ಹೆಂಗಸು ಬಂದು, “ನನಗೆ ಯಾವ ಗಾಜು ಒಳ್ಳೇದು, ನೀವೇ ಹೇಳಿಬಿಡಿ,” ಎಂದರು. “ನಾನು ಹೇಗೆ ಹೇಳಲಿ? ಹಾಕ್ಕೊಂಡು ನೋಡಿ. ಇದರಲ್ಲಿ ಸ್ಪಷ್ಟವಾ, ಇದರಲ್ಲಾ?” ಎಂದು ಗಾಜು ಬದಲಿಸುತ್ತಿದ್ದಾಗಲೇ ಸೊಸೆಗೆ ನಗು ಬಂತು. ತಾನು ದಿನವಿಡೀ ಮಾಡುವುದೇ ಇದು. ಲಿನಕ್ಸನ್ನು ಪೆನ್ ಡ್ರೈವಿಗೆ ಹಾಕಿ, ಕಂಪ್ಯೂಟರಿನಲ್ಲಿದ್ದ ಏನನ್ನೂ ಮುಟ್ಟದೆ, ಅಲ್ಲಿಂದಲೇ ಓಡಿಸಿ ನೋಡಬಹುದು ಎಂದು ಅವಳು ಓದಿಯೇ ಇದ್ದಳು. ಯಾರು ಏನೇ ಅನ್ನಲಿ, ಈ ಪೆಟ್ಟಿಗೆಗೆ, ಈ ಮನುಷ್ಯನಿಗೆ ಯಾವುದು ಹೊಂದುತ್ತದೆಂದು ಹಾಕಿಯೇ ನೋಡಬೇಕು.

“ಮಾವ, ನಿಮ್ಮ ಕೈ ಬೇಕು, ಬನ್ನಿ,” ಎಂದು ಮನೆಗೆ ಬಂದವಳೇ ಕರೆದಳು. ಕೈ ಬೇಕೆಂದರೆ ಇಲ್ಲವೆನ್ನುವ ಜಾಯಮಾನ ಅವರದಲ್ಲ. ಬಂದರು.

ಮೊದಲು ಪೆಟ್ಟಿಗೆ ಬಿಚ್ಚಿಸಿದಳು. ಒಳಗಿನ ಫ್ಯಾನಿಗೆ ದೂಳು ಕಂಬಳಿ ಹೊದಿಸಿತ್ತು. ಮಾವ ಬ್ರಶ್ಶು ಹಿಡಿದು ರೆಕ್ಕೆ ರೆಕ್ಕೆಯನ್ನೂ ಒರೆಸಿದರು. ಮುಚ್ಚಿ ಶುರುಮಾಡಿದಾಗ ಆ ಗೊರಗೊರ ಅರ್ಧಕ್ಕರ್ಧ ಇಳಿದಿತ್ತು. “ನಾನೂ ಸ್ವಲ್ಪ ಹೀಗೇ ಆಗಿದ್ದೆ,” ಎಂದು ಅವರು ತಮ್ಮಷ್ಟಕ್ಕೆ ಅಂದುಕೊಂಡಿದ್ದು ಅವಳ ಕಿವಿಗೆ ಬಿತ್ತು. ಕೇಳಿಸದವಳಂತಿದ್ದಳು.

ಪೆನ್ ಡ್ರೈವಿಗೆ ಹಾಕಿ ನೋಡಿದ ಮೊದಲನೆಯದು ಆಟಕ್ಕೆಂದೇ ಮಾಡಿದ ಲಿನಕ್ಸ್. ಚಿತ್ರಗಳಲ್ಲಿ ಮದುವಣಗಿತ್ತಿಯಂತೆ ಮಿಂಚುತ್ತಿತ್ತು. ಇಲ್ಲಿ ಹಾಕಿದರೆ ಪರದೆ ಕಪ್ಪಗಾಗಿ ಕಪ್ಪಗೇ ಉಳಿಯಿತು. ಪರದೆಯ ಮೇಲೆ ಚಿತ್ರ ಮೂಡಿಸುವ ಹೊಸ ಹೊಸ ಗ್ರಾಫಿಕ್ಸ್ ಕಾರ್ಡುಗಳಿಗೆಂದು ಕಟ್ಟಿದ್ದು ಅದು. ಇಲ್ಲಿದ್ದ ಹಳೆಯ ಕಾರ್ಡಿನ ಗುರುತೇ ಅದಕ್ಕೆ ಹತ್ತಲಿಲ್ಲ.

ಎರಡನೆಯದು ಗುಬ್ಬಿಯಷ್ಟು ಹಗುರ, ಕಣ್ಣು ಮಿಟುಕಿಸುವುದರಲ್ಲಿ ತೆರೆದುಕೊಂಡಿತು. ಆದರೆ ಏನು ಬೇಕಾದರೂ ಸಾಲುಸಾಲು ಟೈಪು ಮಾಡಿ ಕೇಳಿಕೊಳ್ಳಬೇಕು. ಮಾವ ಕನ್ನಡಕ ಮೇಲೇರಿಸಿ, “ಇದೇನಮ್ಮ, ಕಂಪ್ಯೂಟರೋ, ತಂತಿ ಕಚೇರಿಯೋ?” ಎಂದರು. ಅದೂ ಹೋಯಿತು.

ಮೂರನೆಯದು ಮಿಂಟ್. ಅದರಲ್ಲಿ ಮಿಂಚಿಲ್ಲ, ಮಿನುಗಿಲ್ಲ. ಎಡಗಡೆ ಕೆಳಗೆ ಮೆನು, ಬಲಗಡೆ ಗಡಿಯಾರ. ಮಾವನ ಕೈ ಯಾರೂ ಹೇಳಿಕೊಡದೆ ತಾನಾಗಿ ಮೆನುವಿಗೆ ಹೋಯಿತು. ಧ್ವನಿ ಬಂತು, ಇಂಟರ್‌ನೆಟ್ ಬಂತು, ರೇಸಿಗೆ ಬಳಸುವ ಗೇಮ್‌ಪ್ಯಾಡ್ ಚುಚ್ಚಿದರೆ ಅದೂ ಗುರುತು ಹಿಡಿಯಿತು. ಹಳೆಯ ಕಾರ್ಡಿಗೆ ಬೇಕಾದ ಡ್ರೈವರ್ ಎಂಬ ಸಣ್ಣ ಪ್ರೋಗ್ರಾಮನ್ನೂ ತಾನೇ ಹುಡುಕಿಕೊಡುತ್ತದಂತೆ.

“ಇದರಲ್ಲಿ ಸ್ಪಷ್ಟವಾ ಮಾವ?”

“ಇದೇ ಇರಲಿ. ಇದು ಮನೆ ಇದ್ದಹಾಗಿದೆ.”

ಪೂರ್ತಿ ಹಾಕಬೇಕೆಂದರೆ ಹಳೆಯದೆಲ್ಲ ಅಳಿಸಿಹೋಗುತ್ತದೆ. ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅದರಲ್ಲಿ ಅಮ್ಮನ ಫೋಟೋ ಇವೆ,” ಎಂದ. ಅಷ್ಟೇ ಅಂದ. ಸೊಸೆ ಫೋಟೋಗಳನ್ನೆಲ್ಲ ಬೇರೊಂದು ಡಿಸ್ಕಿಗೆ ಹಾಕಿ, ಆ ಡಿಸ್ಕನ್ನು ಅವನ ಲ್ಯಾಪ್‌ಟಾಪಿಗೆ ಚುಚ್ಚಿ, ಒಂದೊಂದಾಗಿ ತೆರೆದು ತೋರಿಸಿದಳು. ಗಂಡ, ಮಾವ ಇಬ್ಬರೂ ಕೂತು ನೋಡಿದರು. ಅತ್ತೆ ಸಮುದ್ರದ ಎದುರು ಛತ್ರಿ ಹಿಡಿದು ಕೋಪದಲ್ಲಿ ನಿಂತ ಫೋಟೋ ಬಂದಾಗ ಮಾವ, “ಆವತ್ತು ಬಸ್ಸು ತಪ್ಪಿಸಿದ್ದು ನಾನೇ,” ಎಂದು ಒಪ್ಪಿಕೊಂಡರು. ಮೂವರೂ ನಕ್ಕರು. ಎಲ್ಲ ಭದ್ರವಾಗಿದೆಯೆಂದು ಖಾತ್ರಿಯಾದ ಮೇಲೆ ಸೊಸೆ ಗುಂಡಿ ಒತ್ತಿದಳು.

ಹಾಕುವ ಕೆಲಸ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮುಗಿಯಿತು. ತಂಟೆ ಶುರುವಾದದ್ದು ಆಮೇಲೆ. ಮಾವನ ಆಟ ಲಿನಕ್ಸಿಗಾಗಿ ಮಾಡಿದ್ದಲ್ಲ. ಅದರ ಮಾತನ್ನು ಲಿನಕ್ಸಿಗೆ ತಿಳಿಸುವ ದುಭಾಷಿಯಂಥ ಒಂದು ಸಾಫ್ಟ್‌ವೇರ್ ನಡುವೆ ಇರುತ್ತದೆ ಎಂದು ಸೊಸೆ ಮಾವನಿಗೆ ವಿವರಿಸಿದಳು. ಅದನ್ನು ಹಾಕಿದಳು. ಸಂಗೀತ ಕೇಳಿಸಿತು, ಎಂಜಿನ್ನು ಗುಡುಗಿತು, ಚಿತ್ರ ಮಾತ್ರ ಬರಲಿಲ್ಲ. ಮತ್ತೆ ಮಾಡಿದಳು, ಮತ್ತೂ ಅದೇ. ಇಷ್ಟು ಹೊತ್ತು ಹಿಡಿದಿಟ್ಟಿದ್ದ ಧೈರ್ಯ ಸೋರತೊಡಗಿತು. “ನಾಳೆ ನೋಡೋಣ ಮಾವ,” ಎಂದಳು. ಆ ‘ನಾಳೆ’ಯ ಮೇಲೆ ಅವಳಿಗೇ ನಂಬಿಕೆಯಿರಲಿಲ್ಲ.

ಮಾವ ಏಳಲಿಲ್ಲ. “ಈ ದುಭಾಷಿ ಅಂದೆಯಲ್ಲ, ಒಬ್ಬನೇ ಇದ್ದಾನಾ?”

“ಹಳೇವು ಬೇಕಾದಷ್ಟಿವೆ. ನಾನು ಎಲ್ಲಕ್ಕಿಂತ ಹೊಸದನ್ನ ಹಾಕಿದ್ದೀನಿ.”

“ಹಳಬನನ್ನ ಕರಿ. ಹಳೇ ಕಾರ್ಡಿನ ಕಷ್ಟಸುಖ ಹೊಸಬನಿಗೆ ಏನು ಗೊತ್ತಿರುತ್ತೆ?”

ಅವಳಿಗೂ ಸರಿಯೆನ್ನಿಸಿತು. ಪಟ್ಟಿಯಲ್ಲಿ ಕೆಳಗೆ ಹೋಗಿ ಸಾಕಷ್ಟು ಹಳೆಯದೊಂದನ್ನು ಆರಿಸಿದಳು. ಪರದೆ ಕಪ್ಪಗಾಯಿತು. ಇಬ್ಬರೂ ಮುಂದಕ್ಕೆ ಬಾಗಿದರು. ಆ ಕಪ್ಪಿನೊಳಗಿಂದ ಮೊದಲು ರಸ್ತೆ, ಆಮೇಲೆ ಆಕಾಶ, ಆಮೇಲೆ ಕೆಂಪು ಕಾರು ಬಂದು ನಿಂತಿತು. ಮಾವ ಸೊಸೆಯ ತಲೆಯ ಮೇಲೆ ಒಮ್ಮೆ ಕೈಯಿಟ್ಟು ತೆಗೆದರು.

ಚಿತ್ರ ಬಂದರೂ ಕಾರು ತಡವರಿಸುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ! ಮೋಡ, ನೆರಳು, ನೀರಿನ ಹೊಳಪು ಎಲ್ಲವನ್ನೂ ಅವಳು ಕಡಿಮೆ ಮಾಡಿದಳು. ಮರಗಳು ಎಲೆ ಕಳೆದುಕೊಂಡು ಬೋಳಾದವು, ಪ್ರೇಕ್ಷಕರು ರಟ್ಟಿನ ಗೊಂಬೆಗಳಾದರು, ಕಾರು ಮಾತ್ರ ಎಣ್ಣೆ ಸವರಿದಂತೆ ಓಡಿತು. “ಮರ ನೋಡೋಕೆ ನಾನೇನು ಪಿಕ್ನಿಕ್ಕಿಗೆ ಹೋಗ್ತೀನಾ?” ಎಂದರು ಮಾವ.

ವಾರವೆಲ್ಲ ಅವರು ಅಭ್ಯಾಸ ಮಾಡಿದರು. ಕೆಲಸದಿಂದ ಬಂದ ಸೊಸೆಗೆ ಚಪ್ಪಲಿ ಬಿಡುವ ಮೊದಲೇ ಕಿವಿಗೆ ಬೀಳುತ್ತಿದ್ದುದು ಎಂಜಿನ್ನಿನ ಸದ್ದು, ಜತೆಗೆ ಮಾವನ ಗೊಣಗಾಟ. ಆ ಗೊಣಗಾಟ ಕೇಳುವುದಕ್ಕೆಂದೇ ಅವಳು ಒಂದೆರಡು ದಿನ ಬಾಗಿಲ ಬಳಿ ನಿಂತದ್ದುಂಟು.

ಭಾನುವಾರ ಬಂತು. ದೊಡ್ಡತ್ತೆಯ ಫೋನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ಗಂಡನೂ ಕುರ್ಚಿ ಎಳೆದುಕೊಂಡು ಹಿಂದೆ ಕೂತ.

ಮೊದಲ ರೇಸಿನಲ್ಲಿ ದೊಡ್ಡತ್ತೆ ನೀರು ಕುಡಿಸಿದರು. “ಏನೋ ತಮ್ಮ, ಹೊಸ ಸಿಸ್ಟಮ್ ಹಾಕಿದ್ದೀಯ ಅಂದ್ರು. ಓಡಿಸೋನು ಹಳಬನೇ ಇದ್ದಾನಲ್ಲ!”

ಎರಡನೆಯದರಲ್ಲಿ ಮಾವ ಪರದೆಗೆ ಮುಖ ಹತ್ತಿರ ತಂದರು. ಅಕ್ಕನ ಹಳದಿ ಕಾರಿನ ಬೆನ್ನಿಗೇ ಅಂಟಿಕೊಂಡರು. ಅವರು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಕೊನೆಯ ಸುತ್ತು, ಕೊನೆಯ ದೊಡ್ಡ ತಿರುವು. ದೊಡ್ಡತ್ತೆ ಎಂದಿನಂತೆ ಬ್ರೇಕು ಮರೆತರು. ಹಳದಿ ಕಾರು ಅಗಲಕ್ಕೆ ಜಾರಿತು. ಮಾವ ತಮ್ಮ ಕಾರನ್ನು ನಿಧಾನ ಮಾಡಿ, ಲಿಫ್ಟನ್ನು ಮಹಡಿಗೆ ಸರಿಯಾಗಿ ತಂದು ನಿಲ್ಲಿಸುವಷ್ಟು ನಾಜೂಕಾಗಿ ಒಳಗಿನ ಅಂಚಿಗೆ ತಂದು, ಅಲ್ಲಿಂದ ಹಾರಿಸಿದರು. ಗೆರೆ ದಾಟಿದಾಗ ಕೆಂಪು ಕಾರು ಮೂತಿಯಷ್ಟು ಮುಂದಿತ್ತು.

ಗಂಡ ಎರಡೂ ಕೈ ಮೇಲೆತ್ತಿ ಕುರ್ಚಿಯಿಂದ ಎದ್ದುಬಿಟ್ಟ. ಗುಜರಿಗೆ ಹಾಕೋಣ ಎಂದವನು ಅದೇ ಪೆಟ್ಟಿಗೆಯ ಬೆನ್ನು ತಟ್ಟಿದ.

“ಅಕ್ಕ, ಇದ್ದೀಯಾ?” ಎಂದರು ಮಾವ.

“ಇದ್ದೀನಿ. ಹಳ್ಳದಲ್ಲಿದ್ದೀನಿ,” ಎಂದರು ದೊಡ್ಡತ್ತೆ. ಆಮೇಲೆ ಅವರು ನಗತೊಡಗಿದರು. ಮೊದಲು ಸಣ್ಣಗೆ, ಆಮೇಲೆ ಕೆಮ್ಮು ಬರುವಷ್ಟು. “ಗೆದ್ದೆ ಕಣೋ. ಪೂರ್ತಿ ಗೆದ್ದೆ. ಹೇಳು ಈಗ, ಒಂದೊಂದೇ ತಿರುವು ಬಿಡಿಸಿ ಹೇಳು, ನಾನು ಕೇಳ್ತೀನಿ.”

ಮಾವ ಹೇಳಿದರು. ಶುರುವಿನಿಂದ ಹೇಳಿದರು. ಎಲ್ಲಿ ಕಾದೆ, ಎಲ್ಲಿ ಹೆದರಿದೆ, ನೆರಳು ತೆಗೆದಿದ್ದರಿಂದ ರಸ್ತೆ ಹೇಗೆ ತಿಳಿಯಾಗಿ ಕಾಣಿಸಿತು, ದುಭಾಷಿ ಹೇಗೆ ಸಿಕ್ಕ, ಎಲ್ಲ. ಸೊಸೆ ಎದ್ದು ಹೋಗಿ ಕಿಟಕಿ ತೆರೆದಳು. ಬೀದಿಯಲ್ಲಿ ಬಿಸಿಲಿತ್ತು, ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಒಳಗೆ ಮಾವನ ಮಾತು ಮುಗಿಯುವ ಲಕ್ಷಣವೇ ಇರಲಿಲ್ಲ.

“ಬಾಮ್ಮ ಇಲ್ಲಿ,” ಎಂದು ಕೊನೆಗೆ ಅವರು ಕರೆದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. “ಅಕ್ಕ, ಈಗ ನನ್ನ ಮೆಕ್ಯಾನಿಕ್ ಬರ್ತಾಳೆ.”

“ಬರಲಿ, ಬರಲಿ. ನನ್ನ ಸಿಟ್ಟು ಇನ್ನೂ ಹಾಗೇ ಇದೆ,” ಎಂದರು ದೊಡ್ಡತ್ತೆ.

ಸೊಸೆ ಗೇಮ್‌ಪ್ಯಾಡನ್ನು ಕೈಗೆ ತೆಗೆದುಕೊಂಡಳು. ಮಾವನ ಬೆರಳುಗಳ ಬಿಸಿ ಅದರಲ್ಲಿ ಇನ್ನೂ ಇತ್ತು. “ಯಾವುದು ಬ್ರೇಕು?” ಎಂದು ಕೇಳಿದಳು.

“ಅಕ್ಕನ ಎದುರು ಅದು ಬೇಡ,” ಎಂದರು ಮಾವ. ಅಷ್ಟರಲ್ಲಿ ಹಸಿರು ದೀಪ ಬಂತು.