ಮನ್ಮಥಪ್ಪನ ಗಂಗಾಳ

“ಇನ್ನೊಮ್ಮಿ ಅನ್ನು,” ಎಂದಳು ಅತ್ತೆ ಕಸ್ತೂರಬಾಯಿ.

ಶಿವಕಾಂತಾ ಬಾಯಿ ತೆರೆದಳು. ಹೆಸರು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದೆಂದು ಕಲಿಸಿದವಳು ಇದೇ ಅತ್ತೆ. ಈಗ, ಸೊಸೆ ದಿಲ್ಲಿಗೆ ಹೊರಟ ದಿನ ಬೆಳಿಗ್ಗೆ, ಅಂಗಳದಲ್ಲಿ ಕೂರಿಸಿಕೊಂಡು ಅದೇ ಹೆಸರನ್ನು ಬಾಯಿಪಾಠ ಮಾಡಿಸುತ್ತಿದ್ದಳು.

“ಮದಿವ್ಯಾಗ ಒಡಪಿನ ಹಾಡಿನ್ಯಾಗ ಹೆಸರು ಹಾಕಿ ಅಂದಿದ್ದಿಲ್ಲೇನು? ಹಂಗೇ ಅನ್ನು.”

“ದಿಲ್ಲ್ಯಾಗ ಪೊಲೀಸರ ಮುಂದ ಒಡಪು ಹೇಳಬೇಕೇನ್ರಿ, ಅತ್ತಿ?”

ನೋಡಲು ಬಂದಿದ್ದ ಪಕ್ಕದ ಮನೆಯ ಚಂದ್ರಭಾಗಾ ಕಿಸಕ್ಕನೆ ನಕ್ಕಳು. ಅತ್ತೆ ನಗಲಿಲ್ಲ.

“ಹೆಸರು ಹಿಡಿದು ಕರೀಲಿಲ್ಲಂದ್ರ ಅಂವಾ ಹ್ಯಾಂಗ ಹೊಳ್ಳಿ ನೋಡ್ತಾನ?”

“ಮನ್ಮಥಪ್ಪ,” ಎಂದಳು ಶಿವಕಾಂತಾ, ಗಟ್ಟಿಯಾಗಿಯೇ. ಏನೂ ಆಗಲಿಲ್ಲ. ಯಾವುದೋ ಊರಿನ ಹೆಸರು ಹೇಳಿದ ಹಾಗಿತ್ತು. ಅತ್ತೆ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಮನ್ಮಥಪ್ಪ ಹೋಗಿ ಹತ್ತು ವರ್ಷ. ಪೊಲೀಸ್ ಆ್ಯಕ್ಷನ್ ಆದ ಮರುವಾರ, ಇನ್ನು ದಾರಿಯಲ್ಲಿ ಲೂಟಿಯ ಹೆದರಿಕೆ ಇಲ್ಲವೆಂದು ಒಂದು ಜೋಡಿ ಎತ್ತು ಹೊಡೆದುಕೊಂಡು ಉದಗೀರದ ಸಂತೆಗೆ ಹೋದವನು. ಎತ್ತುಗಳೂ ಸಿಗಲಿಲ್ಲ, ಅವನೂ ಸಿಗಲಿಲ್ಲ. ಸತ್ತನೆಂದು ಹೇಳಲು ಹೆಣವಿರಲಿಲ್ಲ. ಇದ್ದಾನೆಂದು ಹೇಳಲು ಮನುಷ್ಯನಿರಲಿಲ್ಲ. ಹಾಗಾಗಿ ಶಿವಕಾಂತಾಳ ಕುಂಕುಮ ಉಳಿಯಿತು. ಆಗ ಅವಳಿಗೆ ಹದಿನಾರು. ಅವನೊಂದಿಗೆ ಇದ್ದದ್ದು ಒಂದು ಮಳೆಗಾಲ.

ಅವಳನ್ನು ಶಾಲೆಗೆ ಹಾಕಿದವರು ಮಾವ ರೇವಣಪ್ಪ. ಔರಾದ ಶಹಾಜನಿಯ ಮಂದಿ ಅದನ್ನು ದೊಡ್ಡ ಸುಧಾರಣೆ ಎಂದು ಹೊಗಳಿದರು. ಮಾವನ ಲೆಕ್ಕ ಬೇರೆಯಿತ್ತು. ಮಗ ಎಲ್ಲಿಂದಲಾದರೂ ಕಾಗದ ಹಾಕಿದರೆ ಓದುವವರು ಮನೆಯಲ್ಲಿರಬೇಕು. ಯಾವ ಭಾಷೆಯಲ್ಲಿ ಹಾಕುತ್ತಾನೋ ತಿಳಿಯದ್ದರಿಂದ ಉರ್ದು, ಮರಾಠಿ, ಇಂಗ್ಲಿಷ್ ಎಲ್ಲ ಕಲಿಯಲಿ ಎಂದರು. ಕಾಗದ ಬರಲಿಲ್ಲ. ಸೊಸೆ ಮ್ಯಾಟ್ರಿಕ್ ಪಾಸಾಗಿ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ಬಾಯಿಯಾದಳು. ತನ್ನ ವಿದ್ಯೆಯೂ ಅವನ ಹೆಸರಿಗೇ ಬರೆದದ್ದು ಎಂದು ನೆನೆದಾಗಲೆಲ್ಲ ಅವಳಿಗೆ ಸಿಟ್ಟು ಬರುತ್ತಿತ್ತು.

ದಿಲ್ಲಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ನರ್ಸ್ ತರಬೇತಿಗೆ ಅವಳು ಎರಡು ವರ್ಷದಿಂದ ಕೇಳುತ್ತಿದ್ದಳು. ಮಾವ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಅಷ್ಟರಲ್ಲಿ ಗುಂಜೋಟಿಯ ನಾಗಣ್ಣ, ದಿಲ್ಲಿಯ ಕಡೆ ಲಾರಿ ಹೊಡೆದು ಬಂದವನು, ಅಲ್ಲಿಯ ತರಕಾರಿ ಮಂಡಿಯಲ್ಲಿ ಮನ್ಮಥಪ್ಪನ ಹಾಗೆ ಒಬ್ಬನನ್ನು ಕಂಡೆನೆಂದು ಸಂತೆಯಲ್ಲಿ ಹೇಳಿಬಿಟ್ಟ. ಮಾತು ಮನೆಗೆ ಬಂದ ಸಂಜೆ ಎಲ್ಲರೂ ಶಿವಕಾಂತಾಳ ಮುಖ ನೋಡಿದರು. “ಇದ್ರೂ ಇರಬಹುದು,” ಎಂದಳು ಅವಳು. “ನಾ ಹೋಗಿ ನೋಡ್ತೀನಿ.” ತರಬೇತಿಗೆ ಮಾವ ಆವತ್ತೇ ಹೂಂ ಎಂದರು.

ಅವಳು ನಂಬಿರಲಿಲ್ಲ. ಒಂದು ಕ್ಷಣವೂ ನಂಬಿರಲಿಲ್ಲ. ಬಾಗಿಲು ಸಂದು ಬಿಟ್ಟದ್ದು ಕಂಡಿತು, ಕಾಲಿಟ್ಟಳು. ಅಲ್ಲಿ ಹೋಗಿ ತಾನು ಯಾರನ್ನೂ ಹುಡುಕುವುದಿಲ್ಲ, ಯಾರ ಸಲುವಾಗಿಯೂ ಕಾಯುವುದಿಲ್ಲ ಎಂಬುದು ಅವಳೊಳಗೆ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು.

ಮಾವ ಅಂಗಳದ ಎತ್ತಿನ ಮೈ ತಿಕ್ಕುತ್ತಿದ್ದರು. ಸೊಸೆಯ ಮುಖ ನೋಡಿ ಮಾತಾಡುವ ರೂಢಿ ಅವರಿಗಿಲ್ಲ. ಹೇಳಬೇಕಾದದ್ದನ್ನೆಲ್ಲ ಎತ್ತಿಗೇ ಹೇಳಿದರು.

“ಗಾಡ್ಯಾಗ ಯಾರ ಕೂಡಾನೂ ಭಾಳ ಮಾತಾಡಬಾರ್ದು. ಗಂಡ ಎಲ್ಲಿ ಅಂತ ಕೇಳಿದ್ರ ದಿಲ್ಲ್ಯಾಗ ಇದ್ದಾನ ಅನ್ನಬೇಕು. ಎಡಗಿವಿ ಹಿಂದ ಮಚ್ಚಿ ಅದ. ಅದನ್ನ ನೋಡಬೇಕು.”

“ಮಚ್ಚಿ ಎಲ್ಲಿದು?” ಅತ್ತೆ ಒಳಗಿನಿಂದಲೇ ಕೂಗಿದಳು. “ಹುಬ್ಬಿನ ಮ್ಯಾಲ ಕ್ವಾಡು ತಿವಿದ ಗಾಯ ಅದ. ಅದೇ ಗುರ್ತ.”

“ಗಾಯ ಅಂವನ ತಮ್ಮಂದು, ಸಣ್ಣಾಂವಂದು. ದೊಡ್ಡಾಂವಂದು ಮಚ್ಚಿ.”

“ಹೆತ್ತಾಕಿ ನಾನೋ ನೀವೋ?”

ಶಿವಕಾಂತಾ ಮಚ್ಚೆಗೂ ಹೂಂ ಎಂದಳು, ಗಾಯಕ್ಕೂ ಹೂಂ ಎಂದಳು. ಅವಳಿಗೆ ಎರಡೂ ನೆನಪಿರಲಿಲ್ಲ. ಮುಖವೇ ನೆನಪಿರಲಿಲ್ಲ. ಕಣ್ಣು ಮುಚ್ಚಿದರೆ ಬರುತ್ತಿದ್ದುದು ಒಂದು ಸದ್ದು, ಅಷ್ಟೆ. ಒಂದೇ ಬದಿಯ ಹಲ್ಲಿನಲ್ಲಿ ನಿಧಾನವಾಗಿ ರೊಟ್ಟಿ ಅಗಿಯುವ ಸದ್ದು.

ಅದು ಮರೆಯದಿರುವುದಕ್ಕೆ ಕಾರಣವಿತ್ತು. ಗಂಡ ಉಂಡ ಗಂಗಾಳದಲ್ಲೇ ಹೆಂಡತಿ ಉಣ್ಣುವುದು ಆ ಮನೆಯ ಪದ್ಧತಿ. ಗಂಡ ಹೋದ ಮೇಲೂ ಅತ್ತೆ ಪದ್ಧತಿ ಬಿಡಿಸಲಿಲ್ಲ. ಎರಡು ಹೊತ್ತೂ ಅವನ ಹಿತ್ತಾಳೆಯ ಗಂಗಾಳಕ್ಕೆ ಮೊದಲು ಬಡಿಸಬೇಕು. ಖಾಲಿ ಮಣೆಯ ಮುಂದೆ ಇಡಬೇಕು. ಅವನು ಉಣ್ಣಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಎದುರಿಗೆ ಕಾಯಬೇಕು. “ಅಂವಾ ಸಾವಕಾಶ ಉಣತಾನ,” ಎನ್ನುತ್ತಿದ್ದಳು ಅತ್ತೆ, ಇವಳ ಕೈ ಮುಂದಾದರೆ. ಆಮೇಲೆ ಗೋಡೆ ಕಡೆ ನೋಡಿ, “ಸಾಕು. ನೀ ಉಣ್ಣು,” ಎನ್ನುತ್ತಿದ್ದಳು. ಅಷ್ಟರಲ್ಲಿ ಪಲ್ಯ ಆರಿರುತ್ತಿತ್ತು. ಶಿವಕಾಂತಾ ಹತ್ತು ವರ್ಷದಿಂದ ಬಿಸಿ ಉಂಡಿರಲಿಲ್ಲ.

ಅತ್ತೆ ಹೊರಗೆ ಬಂದಳು. ಕೈಯಲ್ಲಿ ಬುತ್ತಿಯ ಗಂಟು. ಅದರ ತಳ ದುಂಡಗೆ, ಗಟ್ಟಿಯಾಗಿತ್ತು. ರೊಟ್ಟಿಗಳನ್ನು ಆ ಗಂಗಾಳದ ಮೇಲೇ ಒಟ್ಟಿ ಬಟ್ಟೆ ಬಿಗಿದಿದ್ದಳು.

“ಅಲ್ಲೂ ಮೊದಲ ಅಂವಗ ಹಾಕು. ಆಮ್ಯಾಲ ನೀ ಉಣ್ಣು.”

“ಹೂಂ.”

“ಸಿಕ್ಕ ದಿನ ಇದರಾಗೇ ಬಡಿಸು. ಕೈಗೆ ಗುರ್ತ ಸಿಗ್ತದ ಅಂವಗ.”

“ಹೂಂ ಅತ್ತಿ.”

ಕಾಲಿಗೆ ಬಿದ್ದು ಎದ್ದಾಗ ಶಿವಕಾಂತಾ ನಿರ್ಧರಿಸಿದ್ದಳು. ಉದಗೀರದಿಂದ ಬೀದರಕ್ಕೆ ಹೋಗುವ ರೈಲುದಾರಿಯಲ್ಲಿ ಮಾಂಜ್ರಾ ಹೊಳೆಯ ಸೇತುವೆ ಬರುತ್ತದೆ. ಅದಕ್ಕೆ ಮೊದಲೇ ಗಂಟು ಬಿಚ್ಚಿ, ರೊಟ್ಟಿಗಳನ್ನು ಬಟ್ಟೆಯ ಮೇಲಿಟ್ಟುಕೊಂಡು ತಾನೇ ಮೊದಲು ತಿನ್ನುವುದು. ಸೇತುವೆ ಬಂದಾಗ ಗಂಗಾಳವನ್ನು ಹೊಳೆಗೆ ಎಸೆಯುವುದು. ಇದರಲ್ಲಿ ಮರುಯೋಚನೆ ಇರಲಿಲ್ಲ. ಅತ್ತೆಯ ಮೇಲೆ ಮರುಕವೂ ಬಂತು, ಆದರೆ ನಿರ್ಧಾರ ಅದರಿಂದ ಅಲುಗಲಿಲ್ಲ.

ಮೋಟಾರು ನಿಲ್ಲುವಲ್ಲಿ ಶಾಲೆಯ ಹೆಡ್‌ಮಾಸ್ತರ ರಾಚಯ್ಯ ಛತ್ರಿ ಹಿಡಿದು ಕಾಯುತ್ತಿದ್ದರು. ಜನವರಿಯ ಪರೇಡು ನೋಡಲು ಒಮ್ಮೆ ದಿಲ್ಲಿಗೆ ಹೋಗಿ ಬಂದದ್ದು ಅವರ ಜೀವನದ ಬಂಡವಾಳ.

“ಬಾಯಿಯವರ, ರಸ್ತಾ ದಾಟೂ ಮುಂದ ಎರಡೂ ಕಡೆ ನೋಡ್ರಿ. ಥಂಡಿ ಭಾಳ, ಕಿವಿ ಕಟ್ಕೋರಿ. ಅಡ್ರೆಸ್ ಕೇಳಿದ್ರ ಮೂರು ಮಂದಿ ಮೂರು ತರಾ ಹೇಳ್ತಾರ.”

“ಹೂಂ, ಅಯ್ಯನೋರೆ.”

“ಮತ್ತ ಅಲ್ಲಿ ಯಾರೂ ಯಾರ ಹೆಸರೂ ಕೇಳೂದಿಲ್ರಿ. ಇಡೀ ದಿನ ತಿರುಗಿದ್ರೂ ನೀವ್ ಯಾರು ಅಂತ ಒಬ್ಬ ಕೇಳಲ್ಲ. ಅದೇ ದೊಡ್ಡ ತ್ರಾಸ.”

ಬೆಳಗಿನಿಂದ ಕೇಳಿದ ಬುದ್ಧಿಮಾತುಗಳಲ್ಲಿ ಶಿವಕಾಂತಾಳಿಗೆ ಹಿಡಿಸಿದ್ದು ಇದೊಂದೇ. ಯಾರೂ ಕೇಳದ ಊರು. ಆ ಊರಿನ ಬೀದಿಯಲ್ಲಿ ತಾನು ನಡೆಯುವುದನ್ನು ಕಲ್ಪಿಸಿಕೊಳ್ಳಲು ನೋಡಿದಳು. ಬೀದಿ ಕಂಡಿತು, ಮೋಟಾರು ಕಂಡವು, ಮಂದಿ ಕಂಡರು. ನಡೆಯುವವಳು ಮಾತ್ರ ಕಾಣಲಿಲ್ಲ. ಇರಲಿ, ಹೋದ ಮೇಲೆ ಕಂಡಾಳು ಎಂದುಕೊಂಡಳು.

ಮಾವ ಮೋಟಾರಿನ ಟಪ್ಪಿನ ಮೇಲೆ ಟ್ರಂಕು ಏರಿಸುತ್ತಿದ್ದಾಗ ನಾಗಣ್ಣ ಬಂದ. ಬೇಕೆಂದೇ ಬಂದವನು, ಆಕಸ್ಮಿಕವಾಗಿ ಸಿಕ್ಕವನಂತೆ ನಿಂತ. ಕೈಯಲ್ಲಿನ ಬೀಡಿ ಹಿಂದೆ ಬಚ್ಚಿಟ್ಟುಕೊಂಡ.

“ಹೊಂಟ್ರೇನ್ರಿ, ಬಾಯಿ?”

“ಹೂಂ.”

“ಒಂದ್ ಮಾತು. ನಾ ನೋಡಿದ್ದು… ಮಂದಿ ಭಾಳ ಬೆಳೆಸಿಬಿಟ್ರರಿ.”

“ಏನು ನೋಡಿದ್ರಿ?”

“ಬೆನ್ನು ನೋಡೀನ್ರಿ. ಬರೇ ಬೆನ್ನು. ಮುಖ ನೋಡಿಲ್ಲ. ಕೂಗಬೇಕಂದ್ರ ಲಾರಿ ಹೊಂಟಿತ್ತು.” ಅವನು ನೆಲ ನೋಡಿದ. “ದೊಡ್ಡವರಿಗೆ ಈಗರ ಹೇಳಿಬಿಡ್ಲೇನ್ರಿ?”

ಶಿವಕಾಂತಾ ಮಾವನ ಕಡೆ ನೋಡಿದಳು. ಅವರು ಹಗ್ಗ ಬಿಗಿಯುತ್ತಿದ್ದರು.

“ಯಾರಿಗೂ ಹೇಳಬ್ಯಾಡ್ರಿ,” ಎಂದಳು. “ಬೆನ್ನು ಆದ್ರ ಬೆನ್ನು.”

ನಾಗಣ್ಣನಿಗೆ ಅರ್ಥವಾಗಲಿಲ್ಲ. ಆದರೂ ಹೊರೆ ಇಳಿದವನಂತೆ ಬೀಡಿ ಹಚ್ಚಿಕೊಂಡ. ಶಿವಕಾಂತಾಳಿಗೂ ಹಗುರಾಗಬೇಕಿತ್ತು. ಗೊತ್ತಿದ್ದದ್ದನ್ನೇ ಅವನು ಹೇಳಿದ್ದ. ಆದರೆ ಮೋಟಾರು ದೇವಣಿ ದಾಟುವವರೆಗೂ ಎದುರಿಗೆ ಕೂತವರ, ಹೊಲದಲ್ಲಿ ಬಗ್ಗಿದವರ, ಗಾಡಿ ಹೊಡೆಯುವವರ ಬೆನ್ನುಗಳನ್ನೇ ತಾನು ನೋಡುತ್ತಿರುವುದು ಅರಿವಾಗಿ ತನ್ನ ಮೇಲೇ ರೇಗಿತು. ಕಣ್ಣು ಮುಚ್ಚಿ ಕೂತಳು.

ಉದಗೀರದ ಸ್ಟೇಷನ್ನಿನಲ್ಲಿ ಹೆಂಗಸರ ಡಬ್ಬಿ ಮದುವೆಯ ದಿಬ್ಬಣದವರಿಂದ ತುಂಬಿಹೋಗಿತ್ತು. ಮಾವ ಅವಳನ್ನು ಪಕ್ಕದ ಡಬ್ಬಿಗೆ ಹತ್ತಿಸಿ ಬಾಗಿಲ ಹತ್ತಿರದ ಕಿಟಕಿಯ ಜಾಗ ಹಿಡಿದುಕೊಟ್ಟರು. ಸಿಕಂದರಾಬಾದಿನಲ್ಲಿ ತರಬೇತಿಗೆ ಹೋಗುವ ಉಳಿದ ಹುಡುಗಿಯರು ಕಾಯುತ್ತಿರುತ್ತಾರೆ. ಅಲ್ಲಿಯವರೆಗೆ ಒಬ್ಬಳೇ.

ಮಾವ ಕೆಳಗಿಳಿದು ಕಿಟಕಿಯ ಸರಳು ಹಿಡಿದು ನಿಂತರು. ಇಲ್ಲಿ ಮಾತಾಡಿಸಲು ಎತ್ತಿರಲಿಲ್ಲ. ಸ್ವಲ್ಪ ಹೊತ್ತು ಇಂಜಿನ್ನಿನ ಕಡೆ ನೋಡಿದರು. ಆಮೇಲೆ, ಹತ್ತು ವರ್ಷದಲ್ಲಿ ಮೊದಲ ಸಲ, ನೇರ ಅವಳ ಮುಖ ನೋಡಿದರು.

“ಸಿಗಲಿಲ್ಲಂದ್ರ,” ಎಂದರು, “ಸಿಗಲಿಲ್ಲ ಅಂತ ಬರೀಬ್ಯಾಡವಾ.”

“ಮತ್ತೇನು ಬರೀಲ್ರಿ, ಮಾವ?”

“ಹುಡುಕಲಿಕತ್ತೀನಿ ಅಂತ ಬರಿ. ಹಂಗೇ ಬರಕೋತ ಇರು. ನಿಮ್ಮತ್ತಿಗೆ ಸಾಕದು.” ಅವರು ಮತ್ತೆ ಇಂಜಿನ್ನಿನ ಕಡೆ ಮುಖ ತಿರುಗಿಸಿದರು. “ನನಗೂ.”

ಗಾಡಿ ಅಲುಗಿತು. ಅವಳು ಏನಾದರೂ ಹೇಳಬೇಕಿತ್ತು. ಆಗಲೇ ಹೇಳಬೇಕಿತ್ತು, ನಾನು ಹುಡುಕಲು ಹೋಗುತ್ತಿಲ್ಲ ಎಂದು. ಸರಳಿನ ಮೇಲಿದ್ದ ಮುದಿ ಬೆರಳುಗಳು ಗಾಡಿಯ ಜೊತೆ ನಾಲ್ಕು ಹೆಜ್ಜೆ ಬಂದವು.

“ಹೂಂ,” ಎಂದಳು.

ಸ್ಟೇಷನ್ನು ಹಿಂದಾಯಿತು. ಕರಿ ಹೊಲಗಳು ಬಂದವು. ಇಳಿಬಿಸಿಲು ಜೋಳದ ಮೇಲಿತ್ತು. ತಾನು ಹೊರಟಿದ್ದೇನೆ, ಯಾರೂ ತಡೆಯಲಿಲ್ಲ, ಇದು ನಿಜ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಹೊಟ್ಟೆ ಹಸಿದಿತ್ತು. ಒಳ್ಳೆಯದೇ ಆಯಿತು. ಈಗಲೇ ಉಣ್ಣುವುದು, ಕಾಯದೆ.

ಗಂಟು ಬಿಚ್ಚಿದಳು. ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಒಣ ಪಲ್ಯ, ಒಂದು ಉಳ್ಳಾಗಡ್ಡಿ. ರೊಟ್ಟಿಗಳನ್ನು ಎತ್ತಿ ಬಟ್ಟೆಯ ಮೇಲಿಟ್ಟಳು. ಗಂಗಾಳ ಬರಿದಾಯಿತು. ಆಮೇಲೆ ಎರಡು ರೊಟ್ಟಿ ಗಂಗಾಳಕ್ಕೆ ಹೋದವು, ಪಕ್ಕಕ್ಕೆ ಹಿಂಡಿ, ಇನ್ನೊಂದು ಪಕ್ಕಕ್ಕೆ ಪಲ್ಯ. ಎದುರಿನ ಖಾಲಿ ಸೀಟಿನ ಮೇಲೆ ಅದನ್ನಿಟ್ಟು, ಕೈಗಳನ್ನು ತೊಡೆಯ ಮೇಲೆ ಕಟ್ಟಿಕೊಂಡು ಕೂತ ಮೇಲೆಯೇ ತಾನು ಏನು ಮಾಡಿದೆನೆಂದು ಅವಳಿಗೆ ತಿಳಿದದ್ದು.

ತೆಗೆಯಲು ಏಳುವಷ್ಟರಲ್ಲಿ ಬಾಗಿಲ ಬಳಿ ಗಾಳಿಗೆ ನಿಂತಿದ್ದ ಮನುಷ್ಯ ತನ್ನ ಜಾಗಕ್ಕೆ ಬಂದ. ಬಿಳಿ ಟೋಪಿ, ಮಾಸಿದ ಅಂಗಿ, ಮೂವತ್ತೈದರ ಆಸುಪಾಸು. ತನ್ನ ಸೀಟಿನ ಮೇಲೆ ಬಡಿಸಿಟ್ಟ ಗಂಗಾಳ ನೋಡಿದ. ಅವಳನ್ನು ನೋಡಿದ. ಅವನ ಮುಖ ಮೆತ್ತಗಾಯಿತು.

“ನನಗೇನ್ರಿ, ಬಾಯಿ?”

ಬೆಳಗಿನಿಂದ ಬಾಯಲ್ಲಿದ್ದದ್ದು ಒಂದೇ ಉತ್ತರ. ಅದೇ ಬಂತು.

“ಹೂಂ.”

“ಯಾಕ್ ತ್ರಾಸ ತಗೊಂಡ್ರಿ,” ಎನ್ನುತ್ತ ಅವನು ಕೂತು ಗಂಗಾಳವನ್ನು ತೊಡೆಯ ಮೇಲೆಳೆದುಕೊಂಡ. ರೊಟ್ಟಿ ಮುರಿದ.

ಬಟ್ಟೆಯ ಮೇಲೆ ಇನ್ನೂ ರೊಟ್ಟಿಗಳಿದ್ದವು. ಅವಳು ತಿನ್ನಬಹುದಿತ್ತು. ಯಾರೂ ಬೇಡವೆನ್ನುತ್ತಿರಲಿಲ್ಲ. ಕೈ ಮುಂದೆ ಹೋಗಲಿಲ್ಲ. ತಿನ್ನು, ಎಂದು ತನಗೆ ತಾನೇ ಹೇಳಿಕೊಂಡಳು. ಕೈ ತೊಡೆಯ ಮೇಲೇ ಇತ್ತು. ಅವನು ಸಾವಕಾಶ ಉಣ್ಣುತ್ತಿದ್ದ.

ಗಾಡಿಯ ಸದ್ದು ಬದಲಾಯಿತು. ಕಬ್ಬಿಣದ ತೊಲೆಗಳು ಕಿಟಕಿಯಲ್ಲಿ ಒಂದಾದ ಮೇಲೊಂದು ಸರಿದವು. ಕೆಳಗೆ ಮಾಂಜ್ರಾ, ತೆಳ್ಳಗೆ, ಸಂಜೆಯ ಬಣ್ಣದಲ್ಲಿ. ಎಸೆಯಬೇಕಾದದ್ದು ಉಣ್ಣುವವನ ಮುಂದಿತ್ತು. ಉಣ್ಣುವವನ ಮುಂದಿನದನ್ನು ಕಸಿಯುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ತೊಲೆಗಳು ಮುಗಿದವು. ಮತ್ತೆ ಹೊಲಗಳು.

ಅವನು ಅರ್ಧ ರೊಟ್ಟಿ ಬಿಟ್ಟು ಗಂಗಾಳವನ್ನು ಅವಳ ಕಡೆ ಚಾಚಿದ. ಅವಳು ತೆಗೆದುಕೊಂಡಳು.

“ಸಾಕ್ರಿ. ನೀವು ಉಣ್ರಿ.”

ಟವೆಲ್ಲಿಗೆ ಕೈ ಒರೆಸಿಕೊಂಡು ಅವನು ಎದ್ದು ಬಾಗಿಲಿಗೆ ಹೋದ. ಹೊರಗೆ ಮುಖ ಮಾಡಿ ನಿಂತ. ಶಿವಕಾಂತಾ ನೋಡಿದಳು. ಅವನ ಎಡಗಿವಿಯ ಹಿಂದೆ ಟೋಪಿಯ ನೆರಳಿತ್ತು, ಏನೂ ಕಾಣುತ್ತಿರಲಿಲ್ಲ. ಹುಬ್ಬನ್ನು ತಾನು ನೋಡಿದೆನೋ ಇಲ್ಲವೋ ನೆನಪಾಗಲಿಲ್ಲ. ಈಗಷ್ಟೇ ಎದುರಿಗೆ ಕೂತಿದ್ದ ಮುಖ ಆಗಲೇ ಅಳಿಸಿಹೋಗಿತ್ತು.

ಅವಳ ಬೆರಳುಗಳು ಅವನು ಬಿಟ್ಟ ರೊಟ್ಟಿಯಿಂದ ಒಂದು ಚೂರು ಮುರಿದಿದ್ದವು. ಅದನ್ನು ಹಿಡಿದುಕೊಂಡೇ ಕೂತಳು. ಗಾಡಿ ದಿಲ್ಲಿಯ ದಾರಿಯಲ್ಲಿ ಓಡುತ್ತಿತ್ತು, ಬಾಗಿಲಲ್ಲಿ ಆ ಬೆನ್ನು ಓಲಾಡುತ್ತಿತ್ತು.