ವಿಮಾನದ ಕಂಪ್ಯೂಟರಿನ ಕಳ್ಳಿ

ನನ್ನನ್ನು ಕಳ್ಳಿ ಎಂದದ್ದು ಸುತ್ತಲಿನ ಊರುಗಳ ಇನ್ನೂರ ಹನ್ನೆರಡು ಜನರಿರುವ ವಾಟ್ಸಾಪ್ ಗುಂಪಿನಲ್ಲಿ. ಎಂದವರು ಪಿಯುಸಿಯಲ್ಲಿ ನನಗೆ ಭೌತಶಾಸ್ತ್ರ ಕಲಿಸಿದ ಶ್ರೀಕೃಷ್ಣ ಸರ್. ಹೆಸರು ಹಾಕಿರಲಿಲ್ಲ, ಅಷ್ಟರಮಟ್ಟಿಗೆ ಜಾಣರು. 'ಮೂಡುಬಿದಿರೆಯ ಕಂಪ್ಯೂಟರ್ ರಿಪೇರಿಯವಳೊಬ್ಬಳು ನನ್ನ ಹೊಸ ರ‍್ಯಾಮ್ ತೆಗೆದು ಹಳೆಯದು ಹಾಕಿ ಕೊಟ್ಟಿದ್ದಾಳೆ, ಎಲ್ಲರೂ ಎಚ್ಚರ' ಎಂದು ಬರೆದಿದ್ದರು. ಮೂಡುಬಿದಿರೆಯಲ್ಲಿ ಆ ಕೆಲಸ ಮಾಡುವ ಹೆಂಗಸು ನಾನೊಬ್ಬಳೇ. ಇನ್ನು ಹೆಸರು ಯಾಕೆ ಬೇಕು?

ಪಕ್ಕದ ಮೊಬೈಲ್ ಅಂಗಡಿಯ ನವಾಝ್ ಫೋನ್ ಹಿಡಿದುಕೊಂಡು ಬಂದ. "ಭವ್ಯಕ್ಕ, ಬೇಜಾರು ಮಾಡ್ಬೇಡಿ. ಇದು ನಿಮಗೇ ಹೇಳಿದ್ದಲ್ವಾ?"

ಕೆಳಗೆ ನಲವತ್ತೊಂದು ಜನ ಹೆಬ್ಬೆರಳು ಎತ್ತಿದ್ದರು. ಅವರಲ್ಲಿ ಎಂಟು ಮಂದಿ ನನ್ನ ಗಿರಾಕಿಗಳು. ಆವತ್ತು ಬೆಳಿಗ್ಗೆಯೇ ಸಿದ್ಧಕಟ್ಟೆ ಕಡೆಯ ಒಂದು ಶಾಲೆಯ ಮಾಸ್ಟ್ರು ಫೋನ್ ಮಾಡಿ, ರಿಪೇರಿಗೆ ಕೊಟ್ಟ ಆರೂ ಕಂಪ್ಯೂಟರ್‌ಗಳನ್ನು ಮುಟ್ಟಬೇಡಿ, ಹಾಗೆಯೇ ವಾಪಸ್ ಕೊಡಿ ಎಂದಿದ್ದರು. ಕಾರಣ ಕೇಳಿದರೆ ಹೇಳಿರಲಿಲ್ಲ. ಈಗ ಗೊತ್ತಾಯಿತು.

ಸರ್‌ಗೆ ನಿವೃತ್ತಿಯಾದ ಮೇಲೆ ವಿಮಾನ ಹಾರಿಸುವ ಹುಚ್ಚು. ನಿಜವಾದದ್ದಲ್ಲ, ಕಂಪ್ಯೂಟರಿನೊಳಗಿನದ್ದು. ಅದಕ್ಕೆಂದೇ ಭಾರೀ ಯಂತ್ರವೊಂದನ್ನು ತರಿಸಿದ್ದರು. ಆದರೂ ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಇಳಿಯುವಾಗ ವಿಮಾನ ಚಾರ್ಮಾಡಿ ಘಾಟಿಯ ಬಸ್ಸಿನ ಹಾಗೆ ಕುಲುಕುತ್ತಿತ್ತು. ನಾನು ಅದನ್ನು ಅಂಗಡಿಗೆ ತರಿಸಿ ಎರಡು ದಿನ ಅದರ ಮುಂದೆ ಕೂತೆ. ಆಟದ ಸೆಟ್ಟಿಂಗಿನಲ್ಲಿ ಮೋಡಗಳ ಸೊಗಸನ್ನು ಒಂದು ಮೆಟ್ಟಿಲು ಇಳಿಸಿದೆ. ನೆಲದ ಮೇಲೆ ಸುಮ್ಮನೆ ಓಡಾಡುವ ಕಾರು ಬಸ್ಸುಗಳನ್ನು ಕಡಿಮೆ ಮಾಡಿದೆ. ಆರು ಸಾವಿರದ ವೇಗದಲ್ಲಿ ಓಡಬೇಕಾದ, ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್ ನಾಲ್ಕು ಸಾವಿರದ ಎಂಟುನೂರರಲ್ಲಿ ತೂಕಡಿಸುತ್ತಿತ್ತು. ವಿಂಡೋಸ್ ಏಳುವ ಮೊದಲೇ ತೆರೆಯುವ ಬಯೋಸ್ ಸೆಟ್ಟಿಂಗಿಗೆ ಹೋಗಿ ಅದನ್ನು ಆರು ಸಾವಿರಕ್ಕೆ ಏರಿಸಿದೆ. ವಿಮಾನ ಸೊಯ್ಯನೆ ಇಳಿಯಿತು. ನಾನೇ ಅಳದಂಗಡಿಯ ಅವರ ಮನೆಗೆ ಒಯ್ದು ಜೋಡಿಸಿ, ಆ ಅಂಕಿಯನ್ನು ಸರ್‌ಗೆ ಬೆರಳಿಟ್ಟು ತೋರಿಸಿ ಬಂದಿದ್ದೆ. ಆವತ್ತು "ಭೇಷ್" ಎಂದವರು ಮೂರು ವಾರಕ್ಕೆ ಕಳ್ಳಿ ಎನ್ನುತ್ತಾರೆ! ಒಂದು ಫೋನ್ ಮಾಡಿ ಕೇಳಿದ್ದರೆ ಬಾಯಿ ಸವೆಯುತ್ತಿತ್ತೇ?

ಅಂಗಡಿಯ ಶಟರ್ ಎಳೆದು ಸ್ಕೂಟರ್ ಹತ್ತಿದೆ. ವೇಣೂರು ದಾಟುವ ತನಕ ಬೈದೇ ಬೈದೆ. ತುಳುವಿನಲ್ಲಿ ಬೈಗುಳಕ್ಕೇನೂ ಬಡತನವಿಲ್ಲ.

"ಬಾ, ಕೂತ್ಕೋ" ಎಂದರು ಸರ್, ಏನೂ ಆಗದವರಂತೆ.

"ಕೂರ್ಲಿಕ್ಕೆ ಬಂದದ್ದಲ್ಲ ಸರ್. ನಾನು ಕದ್ದದ್ದು ಎಂತದು ತೋರ್ಸಿ."

ಅವರು ಪರದೆಯಲ್ಲಿ ಅಂಕಿ ತೋರಿಸಿದರು. ನಾಲ್ಕು ಸಾವಿರದ ಎಂಟುನೂರು. "ಅಂಕಿ ಸುಳ್ಳು ಹೇಳುವುದಿಲ್ಲ ಭವ್ಯಶ್ರೀ. ನಾನು ಕೊಟ್ಟದ್ದು ಆರು ಸಾವಿರದ್ದು."

"ಪೆಟ್ಟಿಗೆ ಬಿಚ್ಚಿದ್ರಾ ನೀವು?"

"ನಾನು ಯಾಕೆ ಮುಟ್ಲಿ? ಒಮ್ಮೆ ಇರುವೆ ಆಗಿತ್ತು, ವಿಡಿಯೋ ನೋಡಿ ಕ್ಲೀನ್ ಮಾಡಿದ್ದೇನೆ. ಅಷ್ಟೇ."

ಯಂತ್ರ ಅಂಗಡಿಗೆ ಬಂದ ದಿನವೇ ರ‍್ಯಾಮ್ ನಂಬ್ರದ ಫೋಟೋ ತೆಗೆದಿಡುವುದು ನನ್ನ ಪದ್ಧತಿ. ಪೆಟ್ಟಿಗೆಯ ಬದಿ ಬಿಚ್ಚಿ, ಒಳಗಿನ ನಂಬ್ರವನ್ನೂ ನನ್ನ ಫೋನಿನ ಫೋಟೋವನ್ನೂ ಅವರ ಮುಂದೆ ಹಿಡಿದೆ. ಎರಡೂ ಒಂದೇ.

"ಸ್ಟಿಕ್ಕರ್ ಕಿತ್ತು ಅಂಟಿಸ್ಲಿಕ್ಕೂ ಆಗ್ತದೆ" ಎಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ಮಾತಾಡಿದರೆ ಗುರು ಎಂಬುದನ್ನು ಮರೆತೇನು ಎಂದು ಹಲ್ಲು ಕಚ್ಚಿ ಬಯೋಸ್ ತೆರೆದೆ, ರ‍್ಯಾಮ್ ಅನ್ನು ಏರಿಸಿದೆ, ವಿಂಡೋಸ್ ಎಬ್ಬಿಸಿದೆ. ಆರು ಸಾವಿರ.

"ಇದು ಹಳೆಯ ರ‍್ಯಾಮಾ ಸರ್?"

ಅವರು ಕನ್ನಡಕ ತೆಗೆದು ಒರೆಸಿದರು. "ಹಾಗಾದ್ರೆ ಇಳಿದದ್ದು ಯಾಕೆ?"

ಅದನ್ನು ಕಂಡುಹಿಡಿಯದೆ ಹೊರಟು ಹೋದರೆ ನಾನು ಕಳ್ಳಿಯೇ.

ಅಷ್ಟರಲ್ಲಿ ಪಡುವಣದಲ್ಲಿ ಗುಡುಗಿತು. ಸರ್ ಹೆಂಡತಿ ಶಂಕರಿಯಕ್ಕ ಅಡುಗೆಮನೆಯಿಂದ ಓಡಿಬಂದರು. ಫ್ರಿಜ್, ಟಿವಿ, ವೈಫೈ, ಕೊನೆಗೆ ಈ ಕಂಪ್ಯೂಟರ್, ಒಂದೊಂದೇ ಪ್ಲಗ್ಗನ್ನು ಗೋಡೆಯಿಂದ ಕಿತ್ತರು. ಗುಡುಗಿದರೆ ಪ್ಲಗ್ ಗೋಡೆಯಲ್ಲಿರಬಾರದು, ನಮ್ಮೂರಲ್ಲಿ ಇದನ್ನು ಯಾರಿಗೂ ಕಲಿಸಬೇಕಾಗಿಲ್ಲ. ಶಂಕರಿಯಕ್ಕ ಕೊಟ್ಟ ಚಹಾವನ್ನು ನಾನು ಮುಟ್ಟಲಿಲ್ಲ. ಅರ್ಧ ಗಂಟೆ ಅವರಿಬ್ಬರು ಕೂತು, ನಾನು ನಿಂತೇ ಕತ್ತಲೆಯ ಪರದೆ ನೋಡಿದೆವು.

ಗುಡುಗು ನಿಂತ ಮೇಲೆ ಪ್ಲಗ್ ಹಾಕಿ ಚಾಲೂ ಮಾಡಿದೆ. ರ‍್ಯಾಮ್ ಮತ್ತೆ ನಾಲ್ಕು ಸಾವಿರದ ಎಂಟುನೂರು! ಮೂಲೆಯ ಗಡಿಯಾರ ಯಾವುದೋ ಹಳೆಯ ವರ್ಷದ ಜನವರಿ ಒಂದು ಎನ್ನುತ್ತಿತ್ತು.

"ತಾರೀಕು ನೋಡಿದ್ರಾ ಸರ್?"

"ಅದು ಈಗೀಗ ಹಾಗೆಯೇ. ವೈಫೈ ಬಂದ ಕೂಡ್ಲೇ ಸರಿಯಾಗ್ತದೆ."

"ಈಗೀಗ ಅಂದ್ರೆ? ಇರುವೆ ಕ್ಲೀನ್ ಮಾಡಿದ ಮೇಲಾ?"

ನಾನು ಪ್ಲಗ್ ತೆಗೆದು, ದಪ್ಪನೆಯ ಗ್ರಾಫಿಕ್ಸ್ ಕಾರ್ಡನ್ನು ಹೊರಗೆಳೆದೆ. ಅದರ ಅಡಿಯಲ್ಲಿ ಒಂದು ರೂಪಾಯಿ ಬಿಲ್ಲೆಯಷ್ಟಗಲದ ಗುಳಿ ಖಾಲಿಯಾಗಿತ್ತು. ಕರೆಂಟ್ ಇಲ್ಲದಾಗ ಬಯೋಸ್ ಸೆಟ್ಟಿಂಗನ್ನೂ ತಾರೀಕನ್ನೂ ನೆನಪಿಟ್ಟುಕೊಳ್ಳುವ ಸೆಲ್ ಇರಬೇಕಾದ ಜಾಗ ಅದು. ಸೆಲ್ ಇಲ್ಲದಿದ್ದರೆ ಪ್ಲಗ್ ಕಿತ್ತಾಗಲೆಲ್ಲ ನಾನು ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

"ಇಲ್ಲಿದ್ದ ಸೆಲ್ ಎಲ್ಲಿ?"

ಸರ್ ಕಿಟಕಿಯ ಕಡೆ ನೋಡಿದರು. ಶಂಕರಿಯಕ್ಕ ಬಗ್ಗಿ ನೋಡಿದರು. "ಆ ಉರುಟಿನದ್ದಾ? ಅದು ನನ್ನ ಶುಗರ್ ನೋಡುವ ಮಿಷಿನಲ್ಲಿ ಉಂಟಲ್ಲ! ನಂದು ಖಾಲಿಯಾಗಿತ್ತು, ಇವರೇ ಹಾಕಿ ಕೊಟ್ಟದ್ದು."

"ಅದಿಲ್ಲದಿದ್ರೂ ಕಂಪ್ಯೂಟರ್ ಸ್ಟಾರ್ಟ್ ಆಯ್ತು" ಎಂದರು ಸರ್, ನೆಲ ನೋಡುತ್ತ. "ಬೇಕಾಗಿಲ್ಲದ್ದು ಅಂತ ಗ್ರಹಿಸಿದೆ."

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಮಾತು ಕೇಳಿದ್ದೆ. ಇವರು ಹುಡುಕಿದ್ದು ಮಾತ್ರವಲ್ಲ, ಮಗುವನ್ನು ಕದ್ದವಳು ನಾನೇ ಎಂದು ಡಂಗುರ ಬೇರೆ ಸಾರಿದ್ದರು. ಸೆಲ್ಲಿನ ಧನ ಯಾವುದು, ಋಣ ಯಾವುದು ಎಂದು ನನಗೆ ಹೇಳಿಕೊಟ್ಟದ್ದೂ ಇದೇ ಮನುಷ್ಯ!

"ಊರಿಗೆಲ್ಲ ಬರೆಯುವ ಮೊದಲು ಮನೆಯಲ್ಲೊಮ್ಮೆ ಕೇಳ್ಬಹುದಿತ್ತಲ್ಲ?" ಶಂಕರಿಯಕ್ಕ ಗಂಡನಿಗೆ ಹೇಳಿದರು.

ನನ್ನ ಚೀಲದಲ್ಲಿದ್ದ ಹೊಸ ಸೆಲ್ ಹಾಕಿದೆ, ಕಾರ್ಡನ್ನು ಕೂರಿಸಿದೆ, ಮತ್ತೆ ಆರು ಸಾವಿರಕ್ಕೆ ಏರಿಸಿದೆ. ಪ್ಲಗ್ ಕಿತ್ತು, ಪುನಃ ಹಾಕಿ ತೋರಿಸಿದೆ. ಅಂಕಿ ಅಲುಗಲಿಲ್ಲ. ಸರ್ ಪರ್ಸ್ ತೆಗೆದರು.

"ದುಡ್ಡು ಬೇಡ. ಎಲ್ಲಿ ಹೇಳಿದ್ರೋ ಅಲ್ಲಿಯೇ ಹೇಳಿ."

ಅವರು ತುಂಬ ಹೊತ್ತು ಒತ್ತಿ ಒತ್ತಿ ಬರೆದು ತೋರಿಸಿದರು: 'ರ‍್ಯಾಮ್ ವಿಷಯ ಇತ್ಯರ್ಥವಾಗಿದೆ.'

"ಇತ್ಯರ್ಥ ಅಂದ್ರೆ ಎಂತದು ಸರ್? ನಾನು ಹೆದರಿ ವಾಪಸ್ ಕೊಟ್ಟೆ ಅಂತಲಾ? ಹೋಗದೇ ಇದ್ದದ್ದು ಇತ್ಯರ್ಥ ಆಗುವುದು ಹೇಗೆ?"

"ಗುಂಪಿನಲ್ಲಿ ನನ್ನ ವಿದ್ಯಾರ್ಥಿಗಳು ಇದ್ದಾರೆ, ಭವ್ಯಶ್ರೀ."

"ನನ್ನನ್ನು ಕಳ್ಳಿ ಅಂದಾಗಲೂ ಇದ್ರು. ನಾನೂ ನಿಮ್ಮ ವಿದ್ಯಾರ್ಥಿಯೇ."

ಆಗ ನಾನು ಕುರ್ಚಿ ಎಳೆದುಕೊಂಡು ಕೂತೆ. ಬರೆಸದೆ ಏಳುವವಳಲ್ಲ ಎಂದು ಅವರಿಗೂ ತಿಳಿಯಿತು. ಶಂಕರಿಯಕ್ಕ ಗಂಡನ ಹೆಗಲ ಹಿಂದೆ ನಿಂತು ಅವರು ಬರೆದು ಕಳಿಸಿದ ಒಂದೊಂದು ಅಕ್ಷರವನ್ನೂ ಓದಿದರು: 'ಮೂಡುಬಿದಿರೆಯ ಭವ್ಯಶ್ರೀ ಏನನ್ನೂ ಕದ್ದಿಲ್ಲ. ಕಂಪ್ಯೂಟರಿನ ಸೆಲ್ ತೆಗೆದವನು ನಾನೇ. ತಪ್ಪು ನನ್ನದು, ಕ್ಷಮಿಸಿ.'

ಮನೆಯಿಂದ ಹೊರಟು ವೇಣೂರಿನಲ್ಲಿ ಸ್ಕೂಟರ್ ನಿಲ್ಲಿಸಿ ನವಾಝ್‌ಗೆ ಫೋನ್ ಮಾಡಿದೆ. "ಬಂತಾ?"

"ಬಂತು ಭವ್ಯಕ್ಕ. ಮೂರು ಜನ ಲೈಕ್ ಮಾಡಿದ್ದಾರೆ. ಒಬ್ಬ ನಾನು."

"ಉಳಿದವರು?"

"ಸಿದ್ಧಕಟ್ಟೆ ಶಾಲೆಯ ಆ ಮಾಸ್ಟ್ರು ಒಂದು ಬರ್ದಿದ್ದಾರೆ."

"ಎಂತ ಬರ್ದಿದ್ದಾರೆ? ಓದು."

"'ಒಳ್ಳೆಯದಾಯಿತು ಸರ್, ಅಂತೂ ನಿಮ್ಮ ರ‍್ಯಾಮ್ ವಾಪಸ್ ಸಿಕ್ಕಿತಲ್ಲ' ಅಂತ."