ನೀರಿನಲ್ಲಿದ್ದವಳು

ಪವಮಾನ ಅಳತೆಯ ಟೇಪಿನ ಒಂದು ತುದಿಯನ್ನು ಸುಧಾಕರನ ಕೈಗೆ ಕೊಟ್ಟು, ಇನ್ನೊಂದನ್ನು ಎಳೆದುಕೊಂಡು ಈಜುಕೊಳದ ಆಚೆ ಬದಿಗೆ ಹೋದರು. ಮನೆಯಂಗಳದ ಕೊಳಗಳನ್ನೂ ನೋಂದಾಯಿಸಬೇಕೆಂದು ನೋಟಿಸು ಬಂದಮೇಲೆ ಸುಧಾಕರ ಕಚೇರಿಗೆ ಅಲೆದಲೆದು, ಕೊನೆಗೂ ಈ ಅಧಿಕಾರಿಯನ್ನು ಕಲಬುರಗಿ ಪಕ್ಕದ ಶರಣಸಿರಸಗಿಯ ತನ್ನ ಹೊಸ ಮನೆಗೆ ಕರೆತಂದಿದ್ದ. ಸುತ್ತಲೂ ಕಬ್ಬಿಣದ ಗ್ರಿಲ್ ಹಾಕಿಸಿದ್ದ. ಆಳ ಎಷ್ಟೆಂದು ಗೋಡೆಯ ಮೇಲೆ ಬರೆಸಿದ್ದ. ಇವತ್ತು ಸಹಿ ಬೀಳದಿದ್ದರೆ ನೀರು ಖಾಲಿ ಮಾಡಿಸಬೇಕಾಗುತ್ತಿತ್ತು.

ಕೊಳವೆಂದರೆ ದೊಡ್ಡದೇನಲ್ಲ, ಎದೆಮಟ್ಟದ ನೀರು. ಅವ್ವನ ಮೊಣಕಾಲಿಗಾಗಿಯೇ ಕಟ್ಟಿಸಿದ್ದು. ಕಂಡವರ ಹೊಲದಲ್ಲಿ ತೊಗರಿ ಕೊಯ್ದು, ರಸ್ತೆಗೆ ಜಲ್ಲಿ ಹೊತ್ತು ಸವೆದ ಮೊಣಕಾಲುಗಳು. ನೀರಿನಲ್ಲಿ ನಡೆದರೆ ನೋವು ಕಡಿಮೆಯಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. "ನನಗ್ಯಾಕೋ ತಮ್ಮಾ ಇದೆಲ್ಲ" ಎಂದು ಕೊಸರಾಡಿದ್ದ ಬಂಡೆಮ್ಮ, ಸೊಸೆ ಮಾಯಾ ಕೈಹಿಡಿದು ಇಳಿಸಿದ ಮೇಲೆ ನೀರಿಗೆ ಒಗ್ಗಿಕೊಂಡಿದ್ದಳು. ಮಾಯಾ ಆಸ್ಪತ್ರೆಯ ಡ್ಯೂಟಿಗೆ ಹೋದಮೇಲೂ ಸೀರೆ ಎತ್ತಿ ಕಟ್ಟಿ ಒಬ್ಬಳೇ ಇಳಿಯುತ್ತಿದ್ದಳು. ಆದರೆ ಸುಮ್ಮನೆ ನಡೆಯುವುದು ಅವಳಿಂದಾಗದು. ಕೈಯಲ್ಲೊಂದು ಬ್ರಶ್ ಹಿಡಿದು, ಅಂಚಿನ ಪಾಚಿ ತಿಕ್ಕುತ್ತಲೇ ನಡೆಯಬೇಕು. ಇವತ್ತೂ ಹಾಗೇ ತಿಕ್ಕುತ್ತಿದ್ದಳು.

ಪವಮಾನ ಟೇಪು ಸುತ್ತುತ್ತ ಹತ್ತಿರ ಬಂದರು. "ಸರ್, ಒಂದ್ ಮಾತು ಹೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಕೆಲಸದಾಕಿಗಿ ಹಿಂಗ ನೀರಾಗ ಇಳಸಬ್ಯಾಡ್ರಿ. ವಯಸ್ಸಾಗ್ಯಾದ. ಏನರ ಹೆಚ್ಚುಕಮ್ಮಿ ಆದ್ರ ನಿಮ್ಮ ಮ್ಯಾಲೇ ಬರ್ತದ."

ಸುಧಾಕರನ ಬಾಯಿ ತೆರೆಯಿತು. ಆಕಿ ನಮ್ಮವ್ವ ರೀ ಅಂದರೆ ಮುಗಿದಿತ್ತು. ಆದರೆ ಹಾಗೆಂದರೆ ಮನುಷ್ಯನಿಗೆ ಮುಜುಗರವಾದೀತು, ಮುಜುಗರಪಟ್ಟವರು ಏನಾದರೊಂದು ಕೊಂಕು ತೆಗೆದಾರು ಎಂದು ಮನಸ್ಸು ಲೆಕ್ಕ ಹಾಕಿತು. ಅದಷ್ಟೇ ಕಾರಣವಾಗಿದ್ದರೂ ಆಗಿತ್ತು. ಬಣ್ಣಗೆಟ್ಟ ಸೀರೆ, ಮೊಣಕೈವರೆಗಿನ ಹಚ್ಚೆ, ಕೈಯಲ್ಲಿನ ಬ್ರಶ್. ಒಂದು ಗಳಿಗೆ ಅವನೂ ಅವ್ವನನ್ನು ಪರರ ಕಣ್ಣಿನಿಂದಲೇ ನೋಡಿದ.

"ಆಯ್ತ್ರಿ," ಎಂದ. "ನೋಡ್ಕೋತೀನಿ."

ಬಂಡೆಮ್ಮನ ಕೈ ನಿಂತಿತು. ಮಗನ ಕಡೆ ಅವಳು ನೋಡಲಿಲ್ಲ. "ಕೆಲಸ ಮುಗೀತ್ರೀ ಸಾಹೇಬ್ರ, ಎದ್ದೆ" ಎಂದು ಕಂಬಿ ಹಿಡಿದು ಮೇಲೆ ಬಂದಳು. ಸೆರಗು ಹಿಂಡಿಕೊಂಡು, ಮುಂಬಾಗಿಲು ಎದುರಿಗೇ ಇದ್ದರೂ ಮನೆಯನ್ನು ಸುತ್ತುಹಾಕಿ ಹಿತ್ತಲ ಬಾಗಿಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ಒಣ ಸೀರೆ ಉಟ್ಟು ಬಂದವಳು, ಚಹಾದ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಬಗ್ಗಿಸಿದ ತಲೆ ಎತ್ತದೆ ಒಳಗೆ ನಡೆದಳು. ಮಗನ ಮಾತು ಸುಳ್ಳಾಗದಂತೆ ನೋಡಿಕೊಳ್ಳುತ್ತಿದ್ದಾಳೆಂದು ಸುಧಾಕರನಿಗೆ ಅರ್ಥವಾಯಿತು.

"ಚಾ ಛಲೋ ಮಾಡ್ತಾಳ್ರೀ," ಎಂದು ಪವಮಾನ ಸಹಿ ಹಾಕಿದರು.

ಅವರು ಹೋದಮೇಲೆ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತ. "ಯವ್ವಾ, ಆ ಮನುಷ್ಯ ತಿಳೀಲಾರದ..."

"ಕಾಗದ ಆಯ್ತಿಲ್ಲೋ ನಿಂದು?"

"ಆಯ್ತು."

"ಮತ್ತ ಬಿಡು."

ಆ ವಾರವೇ ಅವಳು ಕಮಲಾಪುರಕ್ಕೆ, ಮಗಳು ತ್ರಿವೇಣಿಯ ಮನೆಗೆ ಹೊರಟುಹೋದಳು. "ಅತ್ತಿ ಯಾಕ ಒಮ್ಮಿಗೇ ಹೋದ್ರು? ನಾ ಏನರ ಅಂದೀನೇನು?" ಎಂದು ಮಾಯಾ ಕೇಳಿದಳು. "ಇಲ್ಲ. ಅಕ್ಕನ ನೆನಪು ಆಗಿರಬೇಕು," ಎಂದ ಸುಧಾಕರ. ಹೇಳುವ ಇನ್ನೊಂದು ಅವಕಾಶವೂ ಹಾಗೆ ಕಳೆಯಿತು. ಕೊಳದ ಮೇಲೆ ಬೇವಿನೆಲೆ ಬೀಳತೊಡಗಿತು. ಪಾಚಿ ತಿಕ್ಕುವವರಿರಲಿಲ್ಲ.

ಕೊಳದ ಪ್ರಮಾಣಪತ್ರ ಕೈಗೆ ಬಂದಮೇಲಿನ ಭಾನುವಾರ ಅವನು ಕಮಲಾಪುರಕ್ಕೆ ಹೋದ. ಅಕ್ಕನ ಮನೆಯಂಗಳದಲ್ಲಿ ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವನನ್ನು ಕಂಡು ಮುಖ ಅರಳಿತು. ಆದರೆ ಏಳಲು ಗೋಡೆ ಹಿಡಿಯಬೇಕಾಯಿತು.

"ಕರ್ಕೊಂಡ್ ಹೋಗ್ಲಿಕ್ಕ ಬಂದೀನಿ ಯವ್ವಾ. ಹೊಸ ನೀರು ತುಂಬಸೀನಿ."

"ಇಲ್ಲೇ ಛಲೋ ಅದ ತಮ್ಮಾ. ನನಗ ನೀರು ಥಂಡಿ ಹತ್ತತದ."

"ಅವತ್ತ ನಾನು..."

"ಮದಲ ಉಣ್ಣು."

ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅವನು ತಲೆ ಎತ್ತಿದಾಗಲೆಲ್ಲ ಇನ್ನೊಂದು ತುಂಡು ರೊಟ್ಟಿ ತಟ್ಟೆಗೆ ಬೀಳುತ್ತಿತ್ತು. ಮಾತಿಗೆ ಎಡೆಯೇ ಸಿಗಲಿಲ್ಲ.

ಹೊರಡುವಾಗ, ಮಾಯಾಳಿಗೆ ಕೆಂಪು ಬಾಳೆಹಣ್ಣು ಕೊಡಿಸುತ್ತೇನೆಂದು ಬಸ್‌ಸ್ಟ್ಯಾಂಡಿನವರೆಗೆ ಕಾರಿನಲ್ಲಿ ಬಂದಳು. ಹಣ್ಣು ಮಾರುವ ಅಂಬರೀನ್ ಅವನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು, "ಯಾರ್ರೀ ಬಂಡೆಮ್ಮಾ ಇವ್ರು?"

"ನನ ಮಗ," ಬಂಡೆಮ್ಮ ಕೇಳಿದ್ದಕ್ಕಿಂತ ಗಟ್ಟಿಯಾಗಿ ಹೇಳಿದಳು. "ಕಲಬುರಗ್ಯಾಗ ಕಾಲೇಜಿನ್ಯಾಗ ಪಾಠ ಹೇಳ್ತಾನ. ನನ ಕಾಲಿಗಂತ ಮನ್ಯಾಗೇ ಹೊಂಡ ಕಟ್ಟಸ್ಯಾನ."

"ಹಾಯ್ ಅಲ್ಲಾ! ನಸೀಬದಾಕಿ ಇದ್ದೀರಿ ಬಿಡ್ರಿ."

"ಹೂಂ ಮತ್ತ," ಎಂದ ಬಂಡೆಮ್ಮ ಒಂದೊಂದೇ ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಗಟ್ಟಿಯಾದವನ್ನೇ ಆರಿಸಿ ಅವನ ಕೈಗಿತ್ತಳು. "ನಾಳೀಗಿ ಹಣ್ಣ ಆಗ್ತಾವ. ಅವಸರ ಮಾಡಬ್ಯಾಡ್ರಿ."

ಸುಧಾಕರ ಕಾರು ತಿರುಗಿಸಿದ. ಕನ್ನಡಿಯಲ್ಲಿ ಅವ್ವ ಕಂಡಳು. ಅಂಬರೀನ್ ಬೋರಲು ಹಾಕಿಕೊಟ್ಟ ಪೆಟ್ಟಿಗೆಯ ಮೇಲೆ ಕುಳಿತು, ಬಿಸಿಲಿಗೆ ಕಾಲು ನೀಡಿ, ಹೋಗುತ್ತಿರುವ ಕಾರನ್ನು ಅವಳಿಗೆ ಕೈಮಾಡಿ ತೋರಿಸುತ್ತಿದ್ದಳು.